ಫೋನಿನೊಳಗಿನ ಗಂಜಿ

ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕಟ್ಟೆಯ ಮೇಲಿನ ಫೋನು ಬಡಿದುಕೊಂಡಿತು. ನೋಡಿದರೆ ನನ್ನದೇ ನಂಬರಿನಿಂದ ಕರೆ! ಬೇಗಂ ಬಜಾರಿಗೆ ಹೊರಟ ನಮ್ಮ ಮನೆಯವರು ಅವಸರದಲ್ಲಿ ತಮ್ಮ ಫೋನು ಬಿಟ್ಟು ನನ್ನದನ್ನು ಒಯ್ದಿದ್ದರು.

“ಏನ್ ವ್ಯಾಪಾರ ಶುರು ಮಾಡೀಯ ನೀ? ಪೊಲೀಸರು ನಿಲ್ಸಿ ಗಾಂಜಾ ಹುಡುಕಾಕತ್ತಾರ. ಫೋನ್ ತಗೀ ಅಂದ್ರು, ತಗದೆ. ಇಂಗ್ಲಿಷ್ ಅಕ್ಷರದಾಗ ‘ಗಂಜ್’ ಅಂತ ಒತ್ತಿದ್ರ ನಿನ್ನ ಮೆಸೇಜ್ ಸಾಲು ಹಚ್ಯಾವ!”

ನಾನು ಹೆದರಿದ್ದು ಗಾಂಜಾಕ್ಕಲ್ಲ, ಮೇಲಿನ ಮನೆಯ ಹುಡುಗಿಗೆ ಬರೆದ ಆ ಮೆಸೇಜುಗಳಿಗೆ. ಅವಳು ಈ ತೆಲುಗು ಊರಿನಲ್ಲೇ, ಉಪ್ಪಲ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವಳು. ಎರಡು ಸಲ ಬಸುರು ನಿಲ್ಲದೆ ಹೋಗಿ, ಈಗ ಮತ್ತೆ ಬಸುರಾಗಿದ್ದಳು. ಗಂಜಿಯೊಂದೇ ಹೊಟ್ಟೆಯಲ್ಲಿ ಉಳಿಯುತ್ತಿತ್ತು. “ಮೂರು ತಿಂಗಳು ತುಂಬೂತನಕ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ, ನಿಮ್ಮ ಮನಿಯವರಿಗೂ” ಎಂದು ಭಾಷೆ ತೆಗೆದುಕೊಂಡಿದ್ದಳು. ಮೆಸೇಜಿಗೆ ಕೀಲಿ ಇರುತ್ತದೆ, ಸರಕಾರಕ್ಕೂ ಓದಲು ಬಾರದು ಎಂದು ಧೈರ್ಯ ಹೇಳಿದವಳೂ ಅವಳೇ. ಕೀಲಿ ಗಟ್ಟಿಯೇ ಇತ್ತು; ನಮ್ಮವರೇ ಬಾಗಿಲು ತೆರೆದು ನಿಂತಿದ್ದರು.

ಆ ಕಡೆ ಪೊಲೀಸಿನವನು ಇವರಿಂದ ಫೋನು ತೆಗೆದುಕೊಂಡು ಒಂದು ಮೆಸೇಜ್ ಓದಿದ: “‘ಗಂಜ್‌ಗೆ ಹೋಗಿ ನುಚ್ಚು ತಂದೆ, ಗಂಜಿ ಮಾಡ್ತೀನಿ.’ ಏಮಿಟಮ್ಮಾ ಇದಿ?” ಏನಿದು ಎಂದು ತೆಲುಗಿನಲ್ಲಿ ಗದರಿದ.

ನಮ್ಮ ರಾಯಚೂರು ಕಡೆ ಕಾಳುಕಡಿಯ ಪೇಟೆಗೆ ಗಂಜ್ ಎನ್ನುತ್ತಾರೆ, ಗಂಜಿ ಎಂದರೆ ನಿಮ್ಮ ತೆಲುಗಿನ ಗಂಜಿಯೇ ಎಂದು ಬಂದಷ್ಟು ತೆಲುಗಿನಲ್ಲಿ ಹೇಳಿದೆ. ಆ ಕಡೆ ನಗು. ಮರುಕ್ಷಣ, “ದಿನಾ ಯಾರಿಗೆ?” ಎಂದ.

“ಹೆಣ್ಣುಮಕ್ಕಳ ಮಾತಪ್ಪಾ. ಮನೆಗೆ ಬಂದು ಡಬ್ಬಿ ಡಬ್ಬಿ ಹುಡುಕು, ಬೇಡ ಅನ್ನಲ್ಲ. ಅದನ್ನು ಮಾತ್ರ ಓದಬೇಡ. ಆ ಗುಟ್ಟು ನನ್ನದಲ್ಲ.”

ನಾನು ರಾಯರನ್ನು ನೆನೆದೆ. “ಸರೇ ಅಮ್ಮಾ,” ಎಂದು ಫೋನು ಇವರ ಕೈಗೆ ಕೊಟ್ಟ. ಅವನ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರು, ತಣ್ಣಗಿರಲಿ. ಕಳ್ಳರನ್ನು ಹಿಡಿಯುವುದು ಸರಕಾರದ ಕೆಲಸ, ಸರಿ; ಆದರೆ ಹೆಂಗಸು ಹೊಟ್ಟೆಯಲ್ಲಿಟ್ಟುಕೊಂಡ ಮಾತಿಗೆ ಕೈ ಹಾಕುವ ಮುಂಚೆ ಒಂದು ಮಾತು ಕೇಳಬೇಡವೇ?

ಇವರು ಬಂದವರೇ, “ನನಗಂತೂ ಒಂದಿನಾ ಗಂಜಿ ಕೊಟ್ಟಿಲ್ಲ. ಯಾರದು ಆ ಪುಣ್ಯವಂತ್ರು?” ಎಂದರು.

“ನಿಮಗ ಜ್ವರಾ ಬರ್ಲಿ, ಕೊಡ್ತೀನಿ.”

ಸಂಜೆ ಮೇಲಿನವಳಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದಿಷ್ಟೇ: “ಅಣ್ಣಾರು ಓದಿದ್ರೇನ್ರಿ?”

“ಗಂಜಿತನಕ ಅಷ್ಟ. ಬಸುರಿನತನಕ ಯಾರೂ ಹೋಗಿಲ್ಲವ್ವಾ.”

ಉಸಿರು ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾಳಿಂದ ಪ್ರಸಾದ ಅಂತ ಬರೀರಿ ಅಕ್ಕಾರ.”

ದೇವರ ಹೆಸರಿನಲ್ಲಿ ಸುಳ್ಳು ನನ್ನಿಂದಾಗದು. ಹಾಗಾಗಿ ಮೊದಲು ಗಂಜಿಯನ್ನು ದೇವರಿಗೆ ನೈವೇದ್ಯ ಮಾಡಿ, ಆಮೇಲೆ ಪ್ರಸಾದ ಅಂತ ಬರೆಯುತ್ತೇನೆಂದೆ. ಅಷ್ಟು ಒಪ್ಪಿಸಿ, ಮಾಳಿಗೆ ಹತ್ತಿ, ಒಣಗಿದ ಬಟ್ಟೆ ತೆಗೆಯತೊಡಗಿದೆ.