ಮುನ್ನೂರಿಪ್ಪತ್ತು ಬೋರಿನ ರಿವಾಲ್ವರ್

ನನ್ನ ತಮ್ಮನ ಬಲಗೈಯನ್ನು ಕಟಪಾಡಿಯ ಕೂಡುರಸ್ತೆಯಲ್ಲಿ ಬಸ್ಸಿನ ಹ್ಯಾಂಡಲಿನಿಂದ ಜಜ್ಜಿದರು. ಇಂಜಿನು ಹೊರಡಿಸಲು ಮುಂದಿನಿಂದ ತೂರಿಸಿ ತಿರುಗಿಸುವ ಕಬ್ಬಿಣದ ಸರಳು ಅದು. ಆಗಿನ ಪ್ರತಿ ಬಸ್ಸಿನಲ್ಲೂ ಡ್ರೈವರನ ಸೀಟಿನ ಕೆಳಗೆ ಒಂದು ಇರುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ಕಾರ್ಕಳದಿಂದ ಶಿರ್ವ, ಕಟಪಾಡಿಯಾಗಿ ಉಡುಪಿಗೆ ನಮ್ಮದೊಂದು ಬಸ್ಸು ಓಡುತ್ತಿತ್ತು. ನಾನು ಡ್ರೈವರ್, ತಮ್ಮ ಕಂಡಕ್ಟರ್. ನಮ್ಮ ಹಿಂದೆ ಬರಬೇಕಾದ ಇನ್ನೊಬ್ಬರ ಬಸ್ಸು ದಿನಾ ನಮಗಿಂತ ಐದು ನಿಮಿಷ ಮೊದಲೇ ಬಂದು ಜನರನ್ನು ಗುಡಿಸಿಕೊಂಡು ಹೋಗುತ್ತಿತ್ತು. ಆ ದಿನ ತಮ್ಮ ಇಳಿದು ಹೋಗಿ ಅದರ ಎದುರು ನಿಂತ. ಅದರಿಂದ ಇಬ್ಬರು ಇಳಿದರು. ಒಬ್ಬ ಅವನ ಕೂದಲು ಹಿಡಿದು ನೆಲಕ್ಕೆ ಕೆಡವಿದ. ಇನ್ನೊಬ್ಬ ಅವನ ಕೈಯನ್ನು ಮೋರಿಯ ಕಲ್ಲಿನ ಮೇಲೆ ಒತ್ತಿ ಹಿಡಿದು ಮೂರು ಏಟು ಹೊಡೆದ.

ನಾನು ಇಳಿಯಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಸೀಟಿನ ಕೆಳಗೂ ಒಂದು ಹ್ಯಾಂಡಲ್ ಇತ್ತು, ನನ್ನ ತೋಳು ತಮ್ಮನ ತೋಳಿಗಿಂತ ದಪ್ಪ ಇತ್ತು. ಆದರೂ ಸ್ಟೇರಿಂಗ್ ಹಿಡಿದುಕೊಂಡು ಕೂತಿದ್ದೆ. ಅವನು ಕಿರುಚಿದ್ದು ಕೇಳಿತು. ಅವರು ಹೊರಟು ಹೋದ ಮೇಲೆ ಇಳಿದು, ಅವನನ್ನು ಎತ್ತಿ ಸೀಟಿನಲ್ಲಿ ಮಲಗಿಸಿ, ಪ್ಯಾಸೆಂಜರುಗಳ ಸಮೇತ ಮಣಿಪಾಲಕ್ಕೆ ಬಸ್ಸು ಓಡಿಸಿದೆ. ಅಲ್ಲಿ ಮೂರು ಬೆರಳು ತೆಗೆದರು.

ಪೊಲೀಸರು ಕೇಳಿದಾಗ ಕೂಡುರಸ್ತೆಯಲ್ಲಿದ್ದ ಒಬ್ಬರಿಗೂ ಏನೂ ಕಂಡಿರಲಿಲ್ಲ. ತಮ್ಮ ಮನೆಯಲ್ಲಿ ಎಲ್ಲರೊಡನೆ ಮಾತಾಡುತ್ತಿದ್ದ, ನನ್ನೊಡನೆ ಮಾತ್ರ ಇಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಎಡಗೈಯಲ್ಲಿ ಅನ್ನ ಕಲಸಲು ಅವನು ಪಡುವ ಪಾಡು ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನು ನನ್ನ ಮೇಲೆ ಹಾಕಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ, ಆ ಇಬ್ಬರ ಮೇಲೆ ಹಾಕಿದೆ. ಅವರನ್ನು ಕೊಲ್ಲಬೇಕು ಎಂದು ತೀರ್ಮಾನಿಸಿದೆ. ಭಾನುವಾರ ಇಗರ್ಜಿಯ ಪೂಜೆಯಲ್ಲಿ ಮೊಣಕಾಲೂರಿ ಕೂತಾಗಲೂ ಮೊದಲು ಯಾರಿಗೆ ಹೊಡೆಯಬೇಕು ಎಂದೇ ಯೋಚಿಸುತ್ತಿದ್ದೆ.

ಜೀವಕ್ಕೆ ಅಪಾಯ ಉಂಟೆಂದು ಅರ್ಜಿ ಹಾಕಿ, ಮಂಗಳೂರಿಗೆ ಹತ್ತು ಸಲ ಅಲೆದು, ರಿವಾಲ್ವರಿನ ಲೈಸೆನ್ಸು ಮಾಡಿಸಿಕೊಂಡೆ. ಲೈಸೆನ್ಸು ಸಿಕ್ಕಿತು, ರಿವಾಲ್ವರ್ ಸಿಗಲಿಲ್ಲ. ಕೊನೆಗೆ ಕಾಪುವಿನಲ್ಲಿ ಒಬ್ಬರ ಹತ್ತಿರ ಉಂಟೆಂದು ತಿಳಿಯಿತು. ಅವರು ಘಟ್ಟದ ಮೇಲೆ ಬಿಳಿಯರ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದೊರೆ ಸ್ವದೇಶಕ್ಕೆ ಹೊರಟಾಗ ಅವರಿಗೆ ಕೊಟ್ಟು ಹೋದದ್ದಂತೆ.

ಸಮುದ್ರದ ಬದಿಯ ಮನೆಯ ಜಗಲಿಯಲ್ಲಿ ಅವರು ಎಣ್ಣೆಬಟ್ಟೆ ಬಿಚ್ಚಿದರು. ಅಂಗೈಗಿಂತ ಸ್ವಲ್ಪ ಉದ್ದ, ಕಪ್ಪು ಬಣ್ಣ ಅಲ್ಲಲ್ಲಿ ಹೋಗಿತ್ತು. ಕೈಗೆ ತೆಗೆದುಕೊಂಡೆ. ಆ ಒಂದು ಕ್ಷಣ ನಾನು ಹೆದರುಪುಕ್ಕಲ ಅಲ್ಲ ಎಂದು ಅನಿಸಿತು, ಸುಳ್ಳು ಯಾಕೆ ಹೇಳಲಿ.

"ಇದು ಮುನ್ನೂರಿಪ್ಪತ್ತು ಬೋರ್," ಎಂದರು ರೈಟರು, ನಳಿಗೆಯ ತೂತಿನ ಅಳತೆ ತೋರಿಸುತ್ತ. "ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಮೂವತ್ತೆರಡು. ಹೆಸರು ಹತ್ತಿರ ಹತ್ತಿರ ಉಂಟು, ಆದರೆ ಆ ಗುಂಡು ಇದರೊಳಗೆ ಹೋಗುವುದಿಲ್ಲ. ಇದರ ಗುಂಡು ಬರುವುದು ನಿಂತೇ ಹೋಗಿದೆ."

"ನಿಮ್ಮಲ್ಲಿ ಎಷ್ಟು ಉಂಟು ರೈಟ್ರೇ?"

"ಹದಿನೇಳು. ಅದು ಮುಗಿದ ಮೇಲೆ ಇದರಲ್ಲಿ ಅಡಿಕೆ ಗುದ್ದಬಹುದು."

ಗುಂಡುಗಳ ಹಿತ್ತಾಳೆ ಹಸಿರುಗಟ್ಟಿತ್ತು. ಮಂಗಳೂರಿನ ಕೋವಿ ಅಂಗಡಿಯವನೂ ತಲೆ ಆಡಿಸಿದ. ಸಿಗುವ ಬೋರಿನದ್ದು ಬರುವ ತನಕ ಕಾಯಿರಿ, ಇದು ಬೇಡ ಎಂದ. ಒಂದು ವಾರ ಬಸ್ಸು ಓಡಿಸುತ್ತ ಇದನ್ನೇ ತೂಗಿ ನೋಡಿದೆ. ಕೈ ಪಳಗಿಸಲು ಹೋದರೆ ಗುಂಡು ಮುಗಿಯುತ್ತದೆ. ಪಳಗಿಸದಿದ್ದರೆ ಎರಡು ಮಾರು ದೂರದವನಿಗೂ ತಾಗಲಿಕ್ಕಿಲ್ಲ. ಹಳೆಯ ಗುಂಡು ಹಾರುತ್ತದೋ ಇಲ್ಲವೋ ಎಂದು ತಿಳಿಯಲು ಹಾರಿಸಿಯೇ ನೋಡಬೇಕು, ಹಾರಿಸಿದ್ದು ಮತ್ತೆ ಬರುವುದಿಲ್ಲ. ಆದರೂ ಕೊಲ್ಲಬೇಕಾದದ್ದು ಇಬ್ಬರನ್ನು ತಾನೆ, ಹದಿನೇಳು ಧಾರಾಳ ಸಾಕು ಎಂದೂ ಅನಿಸುತ್ತಿತ್ತು. ಇಂಥ ಲೆಕ್ಕವನ್ನು ನಾನು ಗೇರು ಬದಲಾಯಿಸುವಷ್ಟು ಸಲೀಸಾಗಿ ಹಾಕುತ್ತಿದ್ದೆ.

ಆಗ ನನಗೊಂದು ಬುದ್ಧಿ ಹೊಳೆಯಿತು, ಬುದ್ಧಿ ಎನ್ನುವುದಾದರೆ. ತಂಗಿಯ ಮದುವೆ ಹತ್ತಿರ ಬಂದಿತ್ತು. ನಮ್ಮ ಕ್ರಿಸ್ತುವರ ಮನೆಗಳಲ್ಲಿ ಮದುವೆ ಎಂದರೆ ಮುನ್ನಾದಿನ ಹಂದಿ ಕೊಯ್ಯಲೇಬೇಕು. ಹೇಗೂ ಸಾಯುವ ಹಂದಿ. ಅದರ ಮೇಲೆ ಪ್ರಯೋಗ ಮಾಡಿದರೆ ಗುಂಡು ದಂಡವಾಗುವುದಿಲ್ಲ, ರಿವಾಲ್ವರಿನ ಯೋಗ್ಯತೆಯೂ ತಿಳಿಯುತ್ತದೆ. ರೈಟರು ಅದನ್ನು ಆರು ಗುಂಡಿನೊಂದಿಗೆ ಕೊಟ್ಟರು. "ನೋಡು ಮಾರಾಯ, ಆಗದಿದ್ದರೆ ಹಿಂದೆ ತಂದು ಕೊಡು," ಎಂದರು.

ಮದುವೆಯ ಮುನ್ನಾದಿನ ಬೆಳಿಗ್ಗೆ ಒಂಬತ್ತು ಗಂಟೆ. ಅಂಗಳದಲ್ಲಿ ಚಪ್ಪರ ಎದ್ದಿತ್ತು. ಪ್ರತಿ ಮದುವೆಗೂ ಹಂದಿ ಕೊಯ್ಯುತ್ತಿದ್ದ ನೆರೆಯ ಹಿರಿಯರು ಹಗ್ಗ ಮತ್ತು ಉದ್ದ ಚೂರಿ ಹಿಡಿದು ಬಂದಿದ್ದರು. ನೆತ್ತರು ಹಿಡಿಯಲು ಅಮ್ಮ ಮಣ್ಣಿನ ಪಾತ್ರೆ ತಂದಿಟ್ಟಿದ್ದಳು.

"ಕಾಲು ಕಟ್ಟುವುದು ಬೇಡ, ಗುಂಡು ಹಾರಿಸಿದರೆ ನಿಂತಲ್ಲೇ ಬೀಳುತ್ತದೆ," ಎಂದೆ.

"ಕಟ್ಟದೆ ಆಗುವುದಿಲ್ಲ ಮಗ," ಎಂದರು ಹಿರಿಯರು.

ಯಾರು ಕೇಳುತ್ತಾರೆ? ಹಂದಿ ಬಾಳೆಯ ಸಿಪ್ಪೆ ತಿನ್ನುತ್ತಿತ್ತು. ನಾಲ್ಕು ಅಡಿ ದೂರ ನಿಂತು ಹಣೆಗೆ ಹಿಡಿದೆ. ರಿವಾಲ್ವರಿನ ಕುದುರೆ ಎಳೆದಾಗ ಒದ್ದೆ ಪಟಾಕಿಯಂಥ ಒಂದು ಸದ್ದು ಬಂತು. ಗುಂಡು ಹಣೆಯ ಚರ್ಮ ಸೀಳಿಕೊಂಡು ಹೋಗಿ ತೆಂಗಿನ ಬುಡಕ್ಕೆ ತಾಗಿತು. ಹಂದಿ ನನ್ನನ್ನು ನೋಡಿತು. ಮತ್ತೆ ಎಳೆದೆ, ಬರೀ ಟಿಕ್ ಎಂದಿತು. ಮೂರನೆಯದು ದವಡೆಗೆ ಹೊಕ್ಕಿತು. ಆ ಮೇಲೆ ಅದು ಕಿರುಚಿದ್ದನ್ನು ನಾನು ಬರೆಯಲಾರೆ. ದವಡೆ ನೇತಾಡಿಸಿಕೊಂಡು ಚಪ್ಪರಕ್ಕೆ ನುಗ್ಗಿ, ಎರಡು ಕಂಬ ಬೀಳಿಸಿ, ಸಾರಿಸಿದ ಅಂಗಳದ ತುಂಬ ನೆತ್ತರು ಚೆಲ್ಲುತ್ತ ಓಡಿತು. ಅಮ್ಮನ ಪಾತ್ರೆ ಒಡೆದು ಹೋಯಿತು. ಹೆಂಗಸರು ಒಳಗೆ ಓಡಿ ಬಾಗಿಲು ಹಾಕಿಕೊಂಡರು. ನಾನು ನಾಲ್ಕನೆಯದನ್ನು ಎಲ್ಲಿಗೆ ಹೊಡೆದೆನೋ ನನಗೇ ಗೊತ್ತಿಲ್ಲ. ಹಿರಿಯರ ಕಿವಿಯ ಬದಿಯಲ್ಲಿ ಹೋಯಿತು ಎಂದು ಆಮೇಲೆ ಅವರೇ ಹೇಳಿದರು. ಮತ್ತೆ ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು.

ಓಡಿದವನು ತಮ್ಮ. ಹಂದಿಯನ್ನು ಬಾವಿಕಟ್ಟೆಯ ಮೂಲೆಗೆ ಅಟ್ಟಿ, ಮೈಮೇಲೆ ಬಿದ್ದು, ಎರಡು ಬೆರಳಿನ ಬಲಗೈಯ ಮೊಣಕೈಯಿಂದ ಅದರ ಕುತ್ತಿಗೆ ಒತ್ತಿಹಿಡಿದ. ಹಿರಿಯರ ಚೂರಿಯನ್ನು ಎಡಗೈಯಲ್ಲಿ ತೆಗೆದುಕೊಂಡು ಎದೆಗೆ ಹಿಡಿಯವರೆಗೆ ತೂರಿಸಿದ. ಅದು ಒದ್ದಾಡಿ ಸುಮ್ಮನಾಗುವ ತನಕ ಬಿಡಲಿಲ್ಲ.

ಎದ್ದು ಬಂದ. ಮುಖ, ಅಂಗಿ ಎಲ್ಲ ನೆತ್ತರು. ಆರು ತಿಂಗಳ ಮೇಲೆ ನನ್ನೊಡನೆ ಮೊದಲ ಸಲ ಮಾತಾಡಿದ.

"ಇದು ಯಾರಿಗೆ?" ಎಂದು ರಿವಾಲ್ವರಿನ ಕಡೆ ಗಲ್ಲ ಎತ್ತಿದ.

"ನಿನಗೆ ಹೊಡೆದವರಿಗೆ."

"ಅಂದು ಇದು ನಿನ್ನ ಕೈಯಲ್ಲಿ ಇದ್ದಿದ್ದರೆ ಬಸ್ಸಿನಿಂದ ಇಳಿಯುತ್ತಿದ್ದೆಯಾ?"

ಇಳಿಯುತ್ತಿದ್ದೆ ಎನ್ನಲು ಬಾಯಿ ತೆರೆದೆ. ಎದುರಿಗೆ ನೆತ್ತರು ಹತ್ತಿದ ಅವನ ಬಲಗೈ ಇತ್ತು. ಆ ಕೈಯ ಮುಂದೆ ಸುಳ್ಳು ಹೇಳಲು ಆಗಲಿಲ್ಲ.

"ಇಲ್ಲ," ಎಂದೆ.

"ಹಾಗಾದರೆ ನಿನಗೆ ಇದು ಎಂತಕ್ಕೆ?" ಎಂದು ಬಾವಿಯ ಕಡೆಗೆ ಮುಖ ತೊಳೆಯಲು ಹೋದ. ಅಲ್ಲಿಂದಲೇ ಹೇಳಿದ, "ಮದುವೆ ಮುಗಿದ ಮೇಲೆ ಬಸ್ಸಿನಲ್ಲಿ ಟಿಕೆಟಿಗೆ ನಾನು ಬರುತ್ತೇನೆ."

ನನಗೆ ಅಷ್ಟು ನಾಚಿಕೆ ಅದರ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಸಿಗುವ ಬೋರು, ಸಿಗದ ಬೋರು ಎಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಮಂಗಳೂರಿನಲ್ಲಿ ಮಾರುವ ಯಾವ ಗುಂಡೂ ನನ್ನ ರೋಗಕ್ಕೆ ಮದ್ದಾಗಿರಲಿಲ್ಲ. ಮದುವೆಯ ಮರುದಿನ ರಿವಾಲ್ವರನ್ನು ಕಾಪುವಿಗೆ ಕೊಂಡುಹೋಗಿ ಕೊಟ್ಟು ಬಂದೆ.

ಸೋಮವಾರ ತಮ್ಮ ಬಸ್ಸು ಹತ್ತಿ, ಹಲ್ಲಿನಲ್ಲಿ ಟಿಕೆಟ್ ಪುಸ್ತಕ ಕಚ್ಚಿ ಹಿಡಿದು, ಎಡಗೈಯಲ್ಲಿ ಹರಿದು ಕೊಡತೊಡಗಿದ. ಕಟಪಾಡಿಯಲ್ಲಿ ಆ ಬಸ್ಸು ನಮಗಿಂತ ಮೊದಲೇ ಬಂದು ನಿಂತಿತ್ತು. ಅದೇ ಇಬ್ಬರು ಬಾಗಿಲಲ್ಲಿ ನೇತಾಡುತ್ತ, ತಮ್ಮನ ಕೈ ನೋಡಿ ಏನೋ ಹೇಳಿಕೊಂಡು ನಕ್ಕರು. ತಮ್ಮ ಇಳಿಯಲು ಹೊರಟ. ನಾನು ಇಂಜಿನು ನಿಲ್ಲಿಸಿ, ಅವನಿಗಿಂತ ಮೊದಲು ಇಳಿದೆ. ಹೊಟ್ಟೆಯಲ್ಲಿ ಭಯ ಹಾಗೆಯೇ ಇತ್ತು, ಒಂದು ಗುಲಗಂಜಿಯಷ್ಟೂ ಕಡಿಮೆ ಆಗಿರಲಿಲ್ಲ. ಹ್ಯಾಂಡಲ್ ತೆಗೆದುಕೊಳ್ಳಲು ನೆನಪೂ ಆಗಲಿಲ್ಲ. ಮೊದಲನೆಯವನ ಮೂಗಿಗೆ ಗುದ್ದಿದೆ, ಮೂಳೆ ಮುರಿದದ್ದು ನನ್ನ ಗೆಣ್ಣಿಗೆ ತಿಳಿಯಿತು. ಎರಡನೆಯವನು ನನ್ನ ಬಾಯಿಗೆ ಹೊಡೆದು ಮುಂದಿನ ಎರಡು ಹಲ್ಲು ಉದುರಿಸಿದ, ಬಿದ್ದ ಮೇಲೆ ಪಕ್ಕೆಗೆ ಒದ್ದ. ಜನ ಬಂದು ಬಿಡಿಸಿದರು. ತಮ್ಮ ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಸೀಟಿನಲ್ಲಿ ಕೂರಿಸಿದ. ಆಮೇಲೆ ಹಿಂದೆ ಹೋಗಿ, ಟಿಕೆಟ್ ಆಗದವರು ಯಾರು ಎಂದು ಕೇಳಿದ.