ಟಾರ್ಪಾಲಿನ ಕೆಳಗಿನ ಮೂರು ಗೆರೆ

ಅದು ಗುಜರಿ ಅಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಶರಣಪ್ಪಣ್ಣನಿಗೆ ಗುಜರಿ ಎಂದು ಹೇಳಿದೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಬರೆಯಲು ಹತ್ತು ವರ್ಷ ಬೇಕಾಯಿತು.

ನಾನಾಗ ಕಾಲೇಜಿನಲ್ಲಿದ್ದೆ. ಜಾಲಹಳ್ಳಿಯ ಕ್ವಾರ್ಟರ್ಸ್ ಹುಡುಗ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನಾಲಿಗೆ ಉದ್ದವಾಗಿತ್ತು. ಬಿಡುವಿದ್ದಾಗಲೆಲ್ಲ ಅಪ್ಪನ ಕ್ಯಾಮೆರಾ ಹಿಡಿದು ಮಾಕಳಿ ಕಡೆಯ ಒಂದು ಉಕ್ಕಿನ ಕಾರ್ಖಾನೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕಾರ್ಖಾನೆ ಸೊರಗುತ್ತಿತ್ತು, ಮೂರು ಪಾಳಿ ಒಂದಕ್ಕಿಳಿದಿತ್ತು. ನನಗೆ ಬೇಕಾಗಿದ್ದು, ಒಳಗಿನಿಂದ ಮುಖ್ಯ ಹಳಿಗೆ ವ್ಯಾಗನ್ ಎಳೆದು ತರುವ ಅದರ ಹಳದಿ ಇಂಜಿನ್ ಮಾತ್ರ. ಅದು ಹೊರಡುವ ಮುಂಚೆ ಗೇಟು ಕಾಯುವ ಶರಣಪ್ಪಣ್ಣ ನನಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಕೊಪ್ಪಳದ ಕಡೆಯವರು. ಕಂಬಿ ಎಳೆಯುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಉಂಗುರದ ಬೆರಳು ತುಂಡಾದ ಮೇಲೆ ಅವರನ್ನು ಗೇಟಿಗೆ ಹಾಕಿದ್ದರು. “ಹೆಣ್ಣು ನೋಡಾಕ ಬಂದಂವನಂಗ ನಿಂತೀಯಲ್ಲೋ ತಮ್ಮಾ” ಎಂದು ನನ್ನನ್ನು ನೋಡಿ ನಗುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಬೆರಳು ತಿಂದ ಆ ಯಂತ್ರಕ್ಕೇ ಹೋಗಿ ಅದೇ ಕೈಯಿಂದ ವಿಭೂತಿ ಬಳಿದು ಬಂದರು. ಕಬ್ಬಿಣಕ್ಕೆ ವಿಭೂತಿ ಬಳಿದರೆ ಕಾರ್ಖಾನೆ ಉಳಿಯುತ್ತದೆ ಎನ್ನುವುದಕ್ಕೆ ಪುರಾವೆ ಏನು ಎಂದು ಅರ್ಧ ಗಂಟೆ ವಾದಿಸಿದೆ. ಸೋತೆನಪ್ಪಾ ಎಂದು ಕೈ ಮುಗಿದರು.

ಕೆಲವು ವಾರಗಳಲ್ಲಿ, ರಿಪೇರಿಯೆಂದು ಯಂತ್ರದ ಶೆಡ್ಡಿಗೆ ಬೀಗ ಹಾಕಿದರು. ಒಂದು ಶನಿವಾರ ಇಂಜಿನ್ ಟಾರ್ಪಾಲು ಹೊದಿಸಿದ ವ್ಯಾಗನ್‌ಗಳನ್ನು ಎಳೆದು ತಂದಿತು. ಗುಜರಿ ಎಂದಿದ್ದರಂತೆ ಮ್ಯಾನೇಜರು. ಮನೆಗೆ ಬಂದು ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಗಾಳಿಗೆ ಎದ್ದ ಟಾರ್ಪಾಲಿನ ಮೂಲೆಯಲ್ಲಿ, ಕಪ್ಪು ಕಬ್ಬಿಣದ ಮೇಲೆ, ವಿಭೂತಿಯ ಮೂರು ಗೆರೆ. ಕೆಳಗಿನದು ಮೋಟು.

ಯಂತ್ರಗಳನ್ನೇ ಸಾಗಿಸುತ್ತಿದ್ದರು.

ಮರುದಿನ ಶರಣಪ್ಪಣ್ಣ ನನ್ನನ್ನು ಪಕ್ಕಕ್ಕೆ ಕರೆದರು. ಭಾವಮೈದುನ ಪೀಣ್ಯದಲ್ಲೊಂದು ಕೆಲಸ ನೋಡಿದ್ದಾನೆ, ಸೋಮವಾರದೊಳಗೆ ಹೇಳಬೇಕು, ಆದರೆ ಇಷ್ಟು ವರ್ಷದ ಜಾಗ ಬಿಡಲು ಮನಸ್ಸಿಲ್ಲ ಎಂದರು.

“ನಿನ್ನ ಕ್ಯಾಮೆರಾಕ್ಕ ದೂರದ್ದೂ ಕಾಣತೈತಿ. ಅದು ಗುಜರಿನೋ, ನಮ್ಮ ಮಷೀನೋ? ನೀ ಪುರಾವೆ ಇಲ್ದ ಮಾತಾಡಂವ ಅಲ್ಲ. ನೀ ಹೇಳಿದ್ರ ಸಾಕು.”

ನಿಜ ಹೇಳಿದ್ದರೆ ಅವತ್ತೇ ಕಾರ್ಮಿಕರೆಲ್ಲ ಹಳಿಯ ಮೇಲೆ ಕೂರುತ್ತಿದ್ದರು. ಇಂಜಿನ್ ಹೊರಗೆ ಬರುತ್ತಿರಲಿಲ್ಲ. ಬೆಳಗಿನ ಬಿಸಿಲಿನಲ್ಲಿ, ತುಂಬಿದ ವ್ಯಾಗನ್‌ಗಳನ್ನು ಎಳೆಯುವ ಅದರ ಚಿತ್ರ ನನ್ನ ಬಳಿ ಇನ್ನೂ ಇರಲಿಲ್ಲ. ಅಷ್ಟೇ. ಇದಕ್ಕಿಂತ ದೊಡ್ಡದೊಂದು ಕಾರಣವಾದರೂ ಇದ್ದಿದ್ದರೆ—

“ಗುಜರಿ ಅಣ್ಣಾ. ಝೂಮ್ ಮಾಡಿ ನೋಡಿದೀನಿ.”

ಅವರು ನನ್ನೆದುರೇ ಭಾವಮೈದುನನಿಗೆ ಫೋನ್ ಮಾಡಿ ಬೇಡವೆಂದರು.

ಮುಂದಿನ ಶನಿವಾರ ನನಗೆ ಬೇಕಾದ ಚಿತ್ರ ಸಿಕ್ಕಿತು—ಅವರ ಮಿಸ್ಡ್ ಕಾಲ್‌ನಿಂದಲೇ. ಅದರ ಮರುವಾರ ಕಾರ್ಖಾನೆಗೆ ಬೀಗ. ಪೀಣ್ಯದ ಕೆಲಸ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಆದರೂ ತುಮಕೂರು ರಸ್ತೆಯಲ್ಲಿ ಟಾರ್ಪಾಲು ಹೊದ್ದ ಲಾರಿ ಮುಂದೆ ಹೋದರೆ, ಇವತ್ತಿಗೂ ಅದರ ಮೂಲೆ ಏಳುವುದನ್ನೇ ನೋಡುತ್ತಿರುತ್ತೇನೆ.

ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಗೇಟಿನಲ್ಲಿ ಕಾರು ನಿಲ್ಲಿಸಿದೆ. ಕಾರಿನಡಿಗೆ ಕನ್ನಡಿ ಹಿಡಿದಿದ್ದ ಸೆಕ್ಯುರಿಟಿಯವರ ಕೈ ಕಂಡಿತು—ಮೋಟು ಬೆರಳು. ಅವರೂ ನನ್ನನ್ನು ಗುರುತು ಹಿಡಿದರು. ತಲೆ ಪೂರ್ತಿ ನರೆತಿತ್ತು.

“ಆ ಇಂಜಿನ್ ಫೋಟೋ ಚಲೋ ಬಂದಿತ್ತೇನ ತಮ್ಮಾ?”

“ಬಂದಿತ್ತಣ್ಣ.”

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅವರು ಗೇಟು ಎತ್ತಿದರು. ನಾನು ಹೋಗಿಬಿಟ್ಟೆ.

ಹೇಳಿದ್ದರೂ ಕಾರ್ಖಾನೆ ಮುಚ್ಚುತ್ತಿತ್ತಲ್ಲವೇ ಎಂದು ನನ್ನೊಳಗಿನ ವಾದಿ ಕೇಳುತ್ತಾನೆ. ಮುಚ್ಚುತ್ತಿತ್ತು. ಆದರೆ ಶರಣಪ್ಪಣ್ಣ ನನ್ನನ್ನು ಕೇಳಿದ್ದು ಅದನ್ನಲ್ಲ.

ನಿನ್ನೆ ಆ ವ್ಯಾಗನ್ನಿನ ಫೋಟೋ ಪ್ರಿಂಟ್ ಹಾಕಿಸಿದೆ. ಬಿಳಿ ಗೆರೆಗಳು ಕೊಳೆ ಇರಬೇಕು, ಅಳಿಸಿ ಕೊಡಲೇ ಎಂದು ಸ್ಟುಡಿಯೋದವನು ಕೇಳಿದ. ಬೇಡವೆಂದೆ. ನಾಳೆ ಅದನ್ನು ಹಿಡಿದು ಆ ಗೇಟಿಗೆ ಹೋಗುತ್ತೇನೆ. ಗೆರೆಗಳು ಯಾರ ಕೈಯವೆಂದು ಅವರಿಗೆ ಹೇಳಬೇಕಾಗುವುದಿಲ್ಲ. ನಾನು ಅವನ್ನು ಯಾವತ್ತು ನೋಡಿದೆ ಎಂಬುದನ್ನು ಮಾತ್ರ ಹೇಳಬೇಕು.