ಒಂದೇ ಮನೆ ಸರಿದ ರಾಜ

ಹಾಸನದಲ್ಲಿ ನಡೆದ ನೌಕರರ ಕ್ರೀಡಾಕೂಟದ ಮಹಿಳೆಯರ ಚೆಸ್ ಫೈನಲ್‌ನಲ್ಲಿ ಹೋದ ವರ್ಷ ನನ್ನ ಹೆಂಡತಿ ಸೋತಳು. ಅವಳು ಜಾವಗಲ್‌ನಲ್ಲಿ ಶಿಕ್ಷಕಿ. ಗೆದ್ದವರು ಬೇಲೂರಿನ ಕಚೇರಿಯೊಂದರ ಗುಮಾಸ್ತೆ. ರಾಜ್ಯಮಟ್ಟಕ್ಕೆ ಹೋಗುವವರು ಒಬ್ಬರೇ. ಈ ವರ್ಷ ತಾನೇ ಹೋಗಬೇಕೆಂದು ಇವಳು ಹಟ ಹಿಡಿದಳು.

ಆ ಆಟದ ನಡೆಗಳನ್ನು ಬರೆದಿಟ್ಟಿದ್ದವರು ಗುಮಾಸ್ತೆ. ಕೇಳಿದ ಕೂಡಲೇ ಹಾಳೆಯ ಚಿತ್ರ ಕಳಿಸಿದರು. ಅರಸೀಕೆರೆಯ ನಮ್ಮ ಮನೆಯಲ್ಲಿ ಅದನ್ನು ನೋಡುತ್ತ ಕಾಯಿ ನಡೆಸಿದೆವು. ಇವಳ ಕಾಲಾಳುಗಳೆಲ್ಲ ಒಂದೊಂದೇ ಮನೆ ಮುಂದೆ ಹೋಗಿದ್ದವು. ಬಸ್ತಿಹಳ್ಳಿಯ ತವರಿನಲ್ಲಿ ಅಪ್ಪ ಕಲಿಸಿದ್ದು ನಾಡ ಚದುರಂಗ. ಅದರಲ್ಲಿ ಮೊದಲ ನಡೆಗೂ ಕಾಲಾಳು ಎರಡು ಮನೆ ಹೋಗುವಂತಿಲ್ಲ.

"ನಿನ್ನ ಆರಂಭವೇ ನಿಧಾನ ಕಣೇ. ಸೋತಿದ್ದು ಇದಕ್ಕೇ," ಎಂದೆ. ವಿಡಿಯೊ ನೋಡಿ ಹೊಸ ಆರಂಭವೊಂದನ್ನು ಅವಳಿಗಾಗಿ ಆರಿಸಿಯೂ ಇಟ್ಟಿದ್ದೆ.

ಒಂದು ಭಾನುವಾರ ನಾವು ಬಸ್ತಿಹಳ್ಳಿಗೆ ಹೋಗಿದ್ದೆವು. ಬೇಲೂರಿಗೆ ಹತ್ತಿರವೆಂದು ಗುಮಾಸ್ತೆಯೂ ಅಲ್ಲಿಗೆ ಬಂದು, ತಾವು ಗೆದ್ದ ಆಟವನ್ನು ಮತ್ತೆ ಹರಡಿ ಕೂತರು. ಒಂಬತ್ತನೇ ನಡೆಗೆ ಇವಳ ರಾಜ ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿದಿದ್ದ.

"ಇದ್ಯಾಕ್ ಮಿಸ್? ಕ್ಯಾಸ್ಲಿಂಗ್ ಮಾಡಿ ಆನೆ ಮರೆಗೆ ಸೇರ್ಸ್ಬೋದಿತ್ತಲ್ಲ?"

"ಕುದುರೆ ಥರ ಹಾರ್ಸಕ್ಕೆ ಎತ್ಕೊಂಡೆ ಕಣ್ರೀ. ನಮ್ಮಪ್ಪನ ಆಟದಲ್ಲಿ ರಾಜ ಒಂದ್ಸಲ ಹಾರ್ಬೋದು. ಎತ್ತಿದ್ಮೇಲೆ ಇದ್ರಲ್ಲಿ ಹಾಗಿಲ್ಲ ಅಂತ ಜ್ಞಾಪಕ ಬಂತು. ಮುಟ್ಟಿದ್ ಕಾಯಿ ನಡೆಸ್ಲೇಬೇಕಲ್ಲ!"

ಗುಮಾಸ್ತೆ ಜೋರಾಗಿ ನಕ್ಕರು. ಆಮೇಲೆ, ಹೊಸ ಆರಂಭದ ಮಾತೆತ್ತಿದ್ದ ನನ್ನ ಕಡೆ ತಿರುಗಿದರು. "ಆರಂಭ ಬದಲಾಯಿಸ್ಬೇಡಿ ಸರ್. ಅಲ್ಲಿವರ್ಗೂ ನಂಗೆ ನುಗ್ಗೋಕೆ ಸಂದೇ ಇರ್ಲಿಲ್ಲ. ರಾಜ ಒಮ್ಮೆ ಸರಿದ್ಮೇಲೆ ಕ್ಯಾಸ್ಲಿಂಗ್ ಇಲ್ವಲ್ಲ, ಅಲ್ಲೇ ಸೋತಿದ್ದು. ರಾಜನ್ನ ಬೇಗ ಮೂಲೆ ಸೇರ್ಸಿದ್ರೆ ಸಾಕು."

"ಹೇಳ್ಕೊಟ್ಟು ನೀವೇ ಸೋತ್ರೆ?" ಎಂದಳು ಇವಳು.

"ಸೋಲ್ಸಿ ನೋಡಾಣ!"

ಈ ವರ್ಷವೂ ಫೈನಲ್ ಇವರಿಬ್ಬರದೇ. ಇವಳು ತನ್ನ ನಿಧಾನದ ಆರಂಭವನ್ನೇ ಆಡಿದಳು. ಕುದುರೆ, ಒಂಟೆ ಹೊರಬಂದ ತಕ್ಷಣ ಕ್ಯಾಸ್ಲಿಂಗ್ ಮಾಡಿದಳು. ಗುಮಾಸ್ತೆ ತಲೆ ಎತ್ತಿ ಒಮ್ಮೆ ನೋಡಿ, ಏನೂ ಬಿಟ್ಟುಕೊಡದೆ ಆಡಿದರು. ಕೊನೆಗೆ ಇವಳ ಒಂದು ಕಾಲಾಳು ತುದಿ ಮುಟ್ಟಿ ಮಂತ್ರಿಯಾಯಿತು. ಅವರು ಕೈ ಚಾಚಿದರು.

"ಹೋಗ್ಬನ್ನಿ ಮಿಸ್. ಅಲ್ಲಿ ಯಾರಾದ್ರೂ ಕೇಳಿದ್ರೆ, ಬೇಲೂರಿನೋರ್ನ ಸುಲಭವಾಗಿ ಸೋಲ್ಸ್ದೆ ಅಂತ ಮಾತ್ರ ಹೇಳ್ಬೇಡಿ."

ಇವಳು ಅವರ ಕೈ ಬಿಡಲಿಲ್ಲ. ನಾನು ಇಬ್ಬರಿಗೂ ಟೀ ತರಲು ಹೋದೆ. ನನ್ನ ಹೊಸ ಆರಂಭ ಆಡಿದ್ದರೆ ಇವಳು ಎಷ್ಟು ದೂರ ಬರುತ್ತಿದ್ದಳೋ ಗೊತ್ತಿಲ್ಲ. ತಮ್ಮ ಜಾಗ ಹೋಗಬಹುದೆಂದು ತಿಳಿದೇ ದಾರಿ ತೋರಿಸಿದವರಿಗೆ ಟೀ ತೀರಾ ಕಡಿಮೆಯಾಯಿತೆಂದು ಈಗಲೂ ಅನ್ನಿಸುತ್ತದೆ.